ಬೋರೇಗೌಡರಿಗೆ ಎರಡು ಎಡೆ

ಸಕ್ಕರೆ ಕಾಯಿಲೆಯ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಹೋದ ವರ್ಷದ ಮಹಾಲಯ ಅಮಾವಾಸ್ಯೆಯ ಸಂಜೆ, ಬೇರೆಯವರ ಮನೆಯ ಕತ್ತಲೆ ಕೋಣೆಯಲ್ಲಿ, ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ಮುಗಿಯಿತು. ಹೇಗೆ ಮುಗಿಯಿತು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ನನ್ನ ಹೆಂಡತಿ ಗಿರಿಜ ಈಗಾಗಲೇ ಅರ್ಧ ನಂಜನಗೂಡಿಗೆ ಹೇಳಿಬಿಟ್ಟಿರುವುದರಿಂದ ಮುಚ್ಚಿಟ್ಟು ಉಪಯೋಗವೂ ಇಲ್ಲ.

ಪಿಂಚಣಿಯ ಜೊತೆಗೇ ನನಗೆ ಶುಗರ್ ಕೂಡ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಬೇರೆಯವರು ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದುಕೊಂಡು ಸುಮ್ಮನಾಗುತ್ತಾರೆ. ನಾನು ಮಾತ್ರೆ ತಂದುಕೊಂಡೆ, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿ, ಗೀಟು ಹಾಕಿ, ಪಾಠಕ್ಕೆ ಸಿದ್ಧನಾದೆ. ಆದರೆ ಮನೆಯಲ್ಲಿ ಇದ್ದದ್ದು ಒಬ್ಬಳೇ ವಿದ್ಯಾರ್ಥಿನಿ. ಗಿರಿಜಳಿಗೆ ಶುಗರ್ ಇಲ್ಲ. ತಾಳ್ಮೆಯೂ ಇಲ್ಲ.

“ಇನ್ನೊಂದು ಸಲ ಮೇದೋಜೀರಕ ಗ್ರಂಥಿ ಅಂದ್ರೆ ನಾನು ತವರಿಗೆ ಹೋಗ್ತೀನಿ ಕಣ್ರೀ. ಪಾಠ ಮಾಡಲೇಬೇಕು ಅಂದ್ರೆ ಹೊರಗೆ ಎಲ್ಲಾದ್ರೂ ಮಾಡಿ,” ಎಂದಳು.

ಹೀಗೆ ನನ್ನ ಸಮಾಜಸೇವೆ ಆರಂಭವಾಯಿತು!

ಹದಿನಾರು ಗ್ರಾಮ ದಾಟಿ ತಿ. ನರಸೀಪುರದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನ ಸಮುದಾಯ ಭವನದಲ್ಲಿ ಪ್ರತಿ ಗುರುವಾರ ವಯಸ್ಸಾದವರಿಗೆ ನನ್ನ ತರಗತಿ. ಆಶಾ ಕಾರ್ಯಕರ್ತೆ ಬಂದು ಎಲ್ಲರ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದಳು. ನಾನು ಮಾತಿನಿಂದ ಚುಚ್ಚುತ್ತಿದ್ದೆ. ಭಯ ಹುಟ್ಟಿಸದಿದ್ದರೆ ಪಾಠ ತಲೆಗೆ ಹೋಗುವುದಿಲ್ಲ ಎಂಬುದು ಮೂವತ್ತು ಚಿಲ್ಲರೆ ವರ್ಷಗಳ ನನ್ನ ಶಿಕ್ಷಣ ಸಿದ್ಧಾಂತ. ಆದ್ದರಿಂದ ಒಂದು ವಾಕ್ಯವನ್ನು ವಿಶೇಷವಾಗಿ ತಯಾರಿಸಿಕೊಂಡು, ಬೆರಳೆತ್ತಿ, ದನಿ ತಗ್ಗಿಸಿ ಹೇಳುತ್ತಿದ್ದೆ: “ನೀವು ತಿನ್ನುವ ಒಂದೊಂದು ಕಜ್ಜಾಯವೂ ಸ್ಮಶಾನದ ಕಡೆಗೆ ಒಂದೊಂದು ಹೆಜ್ಜೆ!”

ಮೊದಲ ಸಲ ಇದನ್ನು ಹೇಳಿದಾಗ ಎಲ್ಲರೂ ಬೆಚ್ಚಿಬಿದ್ದರು. ಬೋರೇಗೌಡರು ಮಾತ್ರ ನಕ್ಕರು. ಅವರಿಗೆ ಇದೇ ಕಾಯಿಲೆಯಿಂದ ಒಂದು ಕಾಲು ಹೋಗಿತ್ತು. ಊರುಗೋಲು ಹಿಡಿದು ಟಕ್, ಟಕ್ ಎಂದು ಬಂದು ಗೋಡೆಗೊರಗಿ ಕೂರುತ್ತಿದ್ದರು.

“ನಂಗಿರಾದು ಒಂದೇ ಕಾಲು ಸಾ. ನಾನು ಕುಂಟ್ಕಂಡ್ ಓಗಾ ಒತ್ಗೆ ನೀವೆಲ್ಲ ಮುಂದ್ಗಡೆ ಓಗಿರ್ತೀರಿ ಬುಡಿ!” ಎಂದರು.

ತರಗತಿ ಗೊಳ್ಳೆಂದಿತು. ನನ್ನ ವಾಕ್ಯ ನೆಲಕ್ಕೆ ಬಿತ್ತು. ಬೋರೇಗೌಡರಷ್ಟು ಕೆಟ್ಟ ವಿದ್ಯಾರ್ಥಿಯನ್ನು ನಾನು ಹೈಸ್ಕೂಲಿನಲ್ಲೂ ಕಂಡಿರಲಿಲ್ಲ. ಸಣ್ಣ ಮುದ್ದೆ ಉಣ್ಣಿ ಎಂದರೆ ಎರಡು ಸಣ್ಣ ಮುದ್ದೆ ಉಣ್ಣುತ್ತಿದ್ದರು. ಹಾಗಲಕಾಯಿ ಪಲ್ಯವನ್ನು ಹೆಂಡತಿ ಬಡಿಸಿದರೆ ನಾಯಿಗೆ ಹಾಕುತ್ತಿದ್ದರು. ನಾಯಿಯೂ ತಿನ್ನುತ್ತಿರಲಿಲ್ಲವಂತೆ. ನಾನು ಗದರಿದ್ದಕ್ಕೆ ಕೈಮುಗಿದು, “ಆಗ್ಲಕಾಯ್ನ ನಾನು ಸತ್ಮ್ಯಾಕೆ ತಿಂತೀನಿ ಬುಡಿ ಸಾ, ಆಗ ಪುರ್ಸೊತ್ತಾಗಿರ್ತೀನಿ,” ಎಂದರು. ಅದಕ್ಕೂ ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಹಾಗಲಕಾಯಿಯ ವಿಷಯದಲ್ಲಿ ಒಳಗೊಳಗೇ ನಾನು ಅವರ ಪಕ್ಷ. ಹುಟ್ಟಿದಾಗಿನಿಂದ ಅದನ್ನು ಬಾಯಿಗೆ ಹಾಕಿದವನಲ್ಲ.

ಅವರ ಹೆಂಡತಿ ಪುಟ್ಟತಾಯಮ್ಮನಿಗೂ ಶುಗರ್ ಇತ್ತು, ಆದರೆ ಆಕೆ ತದ್ವಿರುದ್ಧ. ನಾನು ಹೇಳಿದ್ದೆಲ್ಲ ಆಕೆಗೆ ವೇದವಾಕ್ಯ. ಬೋರೇಗೌಡರು ಹೋಗುವ ವರ್ಷ ಹಿರಿಯರ ಹಬ್ಬದ ದಿನ ಒಲೆ ಪಕ್ಕ ಕೂತು “ಒಂದೇ ಒಂದು ಕಜ್ಜಾಯ ಕೊಡಮ್ಮಿ” ಎಂದು ಕೇಳಿದರಂತೆ. ಆಕೆ ಕೊಡಲಿಲ್ಲ. “ಮೇಷ್ಟ್ರು ಬ್ಯಾಡ ಅಂದವ್ರೆ” ಎಂದು ತಟ್ಟೆಯನ್ನೇ ಒಳಗಿಟ್ಟರು. ದೀಪಾವಳಿಗೆ ಮುಂಚೆ ಬೋರೇಗೌಡರು ತೀರಿಕೊಂಡರು.

ಮುಂದಿನ ವರ್ಷ ಪುಟ್ಟತಾಯಮ್ಮನ ಕಾಲಿನ ಹೆಬ್ಬೆರಳಲ್ಲಿ ಒಂದು ಗಾಯ ಕಾಣಿಸಿಕೊಂಡಿತು. ಅರಿಸಿನ ಹಚ್ಚಿದರು, ಬೇವಿನ ಸೊಪ್ಪು ಕಟ್ಟಿದರು. ಬೆರಳು ಕಪ್ಪಗಾಯಿತು. ಡಾಕ್ಟರು ನೋಡಿ, ತಡ ಮಾಡಿದರೆ ಮೇಲಕ್ಕೇರುತ್ತದೆ, ಕೂಡಲೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಆಕೆ ಒಪ್ಪಲಿಲ್ಲ. ಮಗ ಹೇಳಿದ, ಸೊಸೆ ಸವಿತ ಅತ್ತಳು, ನಾನು ಒಂದು ಗಂಟೆ ಭಾಷಣ ಮಾಡಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಅಮಾವಾಸ್ಯೆಗೆ ಮುಂಚಿನ ಗುರುವಾರ ತರಗತಿಯಲ್ಲಿ ಎದ್ದು ನಿಂತರು.

“ಈ ಸಲ ಅವ್ರಿಗೆ ಎಲ್ಡು ಎಡೆ ಇಕ್ತೀನಿ ಸಾ. ಒಂದ್ರಲ್ಲಿ ಕಜ್ಜಾಯ, ಒಬ್ಬಟ್ಟು, ಕೋಳಿ ಸಾರು, ಅವ್ರು ಇಷ್ಟಪಡ್ತಿದ್ದುದೆಲ್ಲ. ಇನ್ನೊಂದ್ರಲ್ಲಿ ನೀವು ಯೋಳ್ಕೊಟ್ಟಂಗೆ. ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಆಗ್ಲಕಾಯ್ ಪಲ್ಯ. ಅವ್ರು ಕಜ್ಜಾಯದ ಎಡೆ ಮುಟ್ಟಿದ್ರೆ, ಆಸೆ ಇಟ್ಕಂಡೇ ಓದ್ರು ಅಂತ. ನನ್ಮ್ಯಾಲೆ ಸಿಟ್ಟು ಅದೆ ಅಂತ. ಆಗ ನಂಗೆ ಆಸ್ಪತ್ರೆನೂ ಬ್ಯಾಡ, ಮಾತ್ರೆನೂ ಬ್ಯಾಡ. ಇದ್ದಷ್ಟು ದಿನ ತಿಂದ್ಕಂಡಿದ್ದು ಅವ್ರ ತಾವ್ಕೇ ಓಯ್ತೀನಿ.”

“ಇನ್ನೊಂದು ಎಡೆ ಮುಟ್ಟಿದರೆ?” ಎಂದೆ.

“ನನ್ನ ಮನ್ನಿಸವ್ರೆ ಅಂತ. ಮಾರ್ನೆ ದಿನ್ವೇ ಮೈಸೂರ್ಗೆ ಓಯ್ತೀನಿ.”

ಯಾರೂ ನಗಲಿಲ್ಲ. ಬೋರೇಗೌಡರ ತಮ್ಮ ಸಿದ್ದೇಗೌಡ, ಎಲ್ಲದಕ್ಕೂ ಅಡ್ಡಮಾತಾಡುವವನು, ಆವತ್ತು ಸುಮ್ಮನೆ ತಲೆಯಾಡಿಸಿದ. ವಿಜ್ಞಾನದ ಮೇಷ್ಟ್ರಾಗಿ ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು. ಪ್ರಯೋಗವನ್ನು ಆಕೆ ಅಚ್ಚುಕಟ್ಟಾಗಿ ಜೋಡಿಸಿದ್ದರು. ಫಲಿತಾಂಶ ಕೊಡಬೇಕಾದವರು ಸತ್ತಿದ್ದರು, ಅಷ್ಟೆ!

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿರಿಯರ ಹಬ್ಬದ ಸಂಜೆ ತೀರಿಹೋದವರ ಫೋಟೊ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಕೋಣೆಯ ಕರೆಂಟು ದೀಪ ಆರಿಸಿ, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಹಚ್ಚಿಟ್ಟ ಊದುಗಡ್ಡಿ ಉರಿದು ಮುಗಿಯುವಷ್ಟು ಹೊತ್ತು ಯಾರೂ ಒಳಗೆ ಹೋಗುವಂತಿಲ್ಲ. ಆಗ ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಿ, ಎಡೆ ಮುಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಅನ್ನದ ಮೇಲೆ ಬೆರಳಿನ ಗುರುತೋ, ಸರಿದ ವಡೆಯೋ, ಏನೋ ಒಂದು ಕಾಣುತ್ತದೆ.

ಬೆರಳಿನ ಗುರುತು! ಒಬ್ಬ ಹೆಂಗಸಿನ ಕಾಲು ಉಳಿಯುವುದಕ್ಕೆ ಬೇಕಾದದ್ದು ಚಿಕ್ಕ ಮುದ್ದೆಯ ಮೇಲೆ ಒಂದು ಬೆರಳಿನ ಗುರುತು. ಬೆರಳು ನನ್ನಲ್ಲೇ ಹತ್ತಿವೆ. ಇನ್ನೇನು ಯೋಚನೆ?

“ಊಟಕ್ಕೆ ಕರೆದಿದ್ದಾರೆ, ಊಟ ಮಾಡ್ಕೊಂಡು ಬರೋಣ,” ಎಂದಳು ಗಿರಿಜ. “ಸತ್ತವರ ವಿಷಯಕ್ಕೆ ತಲೆ ಹಾಕಬೇಡಿ.”

“ಇದು ವೈದ್ಯಕೀಯ ತುರ್ತು ಪರಿಸ್ಥಿತಿ,” ಎಂದೆ.

“ನೀವು ತಲೆ ಹಾಕಿದ ಮೇಲೆ ಆಗುತ್ತೆ,” ಎಂದಳು. ಆ ಮಾತನ್ನು ಆಗ ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಅಮಾವಾಸ್ಯೆಯ ದಿನ ಗೌಡರ ಮನೆಯ ಊಟಕ್ಕೆ ಹೊಟ್ಟೆಯಲ್ಲಿ ಜಾಗವಿರಲೆಂದು ಮಧ್ಯಾಹ್ನ ಬರೀ ಮಜ್ಜಿಗೆ ಕುಡಿದೆ. ಸಂಜೆ ನಂಜನಗೂಡಿನಿಂದ ಬಸ್ಸು ಹಿಡಿದು ಇಬ್ಬರೂ ಹೋದೆವು. ದೀಪ ಹಚ್ಚುವ ಹೊತ್ತು. ಆಕಾಶದಲ್ಲಿ ಬೆಳಕಿತ್ತು, ಬೀದಿಯಲ್ಲಿ ಇರಲಿಲ್ಲ. ಎಲ್ಲ ಮನೆಗಳ ಜಗಲಿ ಮೇಲೂ ಜನ ಮಾತಿಲ್ಲದೆ ಕೂತಿದ್ದರು. ಎಲ್ಲ ಮನೆಗಳ ಬಾಗಿಲೂ ಮುಚ್ಚಿತ್ತು. ಊರಿನ ನಾಯಿಗಳು ಕೂಡ ಬೊಗಳುತ್ತಿರಲಿಲ್ಲ. ಇಡೀ ಬೀದಿಯೇ ಯಾರಿಗೋ ದಾರಿ ಬಿಟ್ಟು ಸರಿದು ಕೂತ ಹಾಗಿತ್ತು. ನಾನು ವಿಜ್ಞಾನಿ, ಹೆದರಲಿಲ್ಲ. ಗಿರಿಜಳ ಕೈ ಹಿಡಿದುಕೊಂಡದ್ದು ಅವಳು ಎಡವದಿರಲಿ ಎಂದು.

ಸಿದ್ದೇಗೌಡ ಎದುರು ಬಂದು, “ಎಡೆ ಇಕ್ಕಾಯ್ತು ಸಾ, ಇನ್ನೇನು ಊಟವೇಯ,” ಎಂದ. ನಾನು ಶಿಸ್ತಿನ ಮನುಷ್ಯ. ಊಟಕ್ಕೆ ಮುಂಚೆ ನುಂಗಬೇಕಾದ ಮಾತ್ರೆಯನ್ನು ಅಲ್ಲೇ ನುಂಗಿದೆ.

ಸವಿತಳಿಗೆ ಮೊದಲೇ ಹೇಳಿಟ್ಟಿದ್ದೆ. ಅವಳು ಕೊಟ್ಟಿಗೆಯ ಕಡೆಯ ಸಣ್ಣ ಬಾಗಿಲು ತೋರಿಸಿ, “ಬಿರ್ನೆ ಬಂದ್ಬುಡಿ ಸಾ. ನಮ್ಮತ್ತೆ ಕಾಲು ಉಳ್ಕಂಡ್ರೆ ಸಾಕು,” ಎಂದು ಪಿಸುಗುಟ್ಟಿ ಓಡಿದಳು. ನಾನು ಬಗ್ಗಿ ಒಳಗೆ ಹೋದೆ.

ಸಾಂಬ್ರಾಣಿ ಹೊಗೆ ಕೋಣೆಯ ತುಂಬ ನಿಂತಿತ್ತು. ಒಂದೇ ಒಂದು ಎಣ್ಣೆ ದೀಪ. ಅದರ ಹಿಂದೆ ಹಾರ ಹಾಕಿದ ಬೋರೇಗೌಡರ ಫೋಟೊ. ಫೋಟೊ ಮುಂದೆ ಅವರ ಕನ್ನಡಕ, ಬೀಡಿ ಕಟ್ಟು, ಮಡಿಸಿಟ್ಟ ಹೊಸ ಪಂಚೆ, ಶಲ್ಯ. ಎಡಗಡೆ ಕಜ್ಜಾಯದ ಎಲೆ, ಬಲಗಡೆ ನನ್ನ ಪಾಠದ ಎಲೆ. ಎರಡೂ ಎಲೆಗೆ ಒಂದೊಂದು ಲೋಟ. ಮೂಲೆಯಲ್ಲಿ ಗೋಡೆಗೆ ಒರಗಿಸಿದ ಊರುಗೋಲು. ಎಲ್ಲ ಇತ್ತು. ಕೂರುವವರೊಬ್ಬರು ಇರಲಿಲ್ಲ.

ನಾನು ಬಲಗಡೆ ಎಲೆಯ ಮುಂದೆ ಬಗ್ಗಿ ತೋರುಬೆರಳು ಚಾಚಿದೆ. ಅಷ್ಟರಲ್ಲಿ ಹಿಂದಿನಿಂದ ಕಟಕ್ ಎಂದಿತು.

“ಓದ್ ಸಲ ಬೆಕ್ಕು ನುಗ್ಗಿತ್ತು ಕಣವ್ವ. ಕೊಟ್ಟಿಗೆ ಬಾಗ್ಲು ಅಗುಳಿ ಆಕಿವ್ನಿ,” ಎಂದು ಹೊರಗೆ ಸಿದ್ದೇಗೌಡ ಹೇಳುತ್ತಿದ್ದ.

ಮುಂಬಾಗಿಲಾಚೆ ಇಡೀ ಮನೆಯವರು. ಹಿಂಬಾಗಿಲಿಗೆ ಹೊರಗಿನಿಂದ ಅಗುಳಿ. ಚಿಂತೆಯಿಲ್ಲ, ಗುರುತು ಆಮೇಲೆ ಒತ್ತಿದರಾಯಿತು, ಒಂದು ಊದುಗಡ್ಡಿಯಷ್ಟು ಹೊತ್ತು ವಾಡೆಯ ಹಿಂದೆ ಕೂತರಾಯಿತು, ಬಾಗಿಲು ತೆಗೆದಾಗ ಕತ್ತಲಲ್ಲಿ ಜನರ ಜೊತೆ ಬೆರೆತರಾಯಿತು ಎಂದುಕೊಂಡೆ. ಹೊರಗೆ ಗಿರಿಜಳ ದನಿ ಕೇಳಿಸಿತು: “ಇವರೆಲ್ಲಿ?” ಸವಿತಳ ದನಿ: “ಗದ್ದೆ ಕಡೀಕ್ ಓದ್ರು ಕಣಕ್ಕ.” ಆಮೇಲೆ ಮತ್ತೆ ಸಿದ್ದೇಗೌಡ.

“ಎಲ್ಡು ಎಡೆ ಅದೆ. ಒಂದು ಕಡ್ಡಿ ಸಾಲಾಕಿಲ್ಲ. ಇದು ಮುಗುದ್ಮ್ಯಾಕೆ ಇನ್ನೊಂದು ಅಚ್ಚಾನ.”

ಲೆಕ್ಕ ಸರಿಯಾಗಿಯೇ ಇತ್ತು!

ನಾನು ವಾಡೆಯ ಹಿಂದೆ ಕಾಲು ಮಡಚಿ ಕೂತೆ. ಮೊದಲು ಹಸಿವಾಯಿತು. ಆಮೇಲೆ ಕತ್ತಿನ ಹಿಂದೆ ತಣ್ಣಗೆ ಬೆವರು. ಭಯವೇನೋ ಎಂದುಕೊಂಡು, ಒಬ್ಬ ವಿಜ್ಞಾನಿಗೆ ಇದು ಶೋಭೆಯಲ್ಲ ಎಂದು ನನ್ನನ್ನೇ ಗದರಿಕೊಂಡೆ. ಗದರಿದ್ದಕ್ಕೆ ಕೈ ನಡುಗತೊಡಗಿತು. ಎದೆ ಒನಕೆಯಲ್ಲಿ ಕುಟ್ಟಿದ ಹಾಗೆ ಬಡಿದುಕೊಂಡಿತು. ದೀಪ ಒಂದಿದ್ದದ್ದು ಎರಡಾಯಿತು, ಬೋರೇಗೌಡರೂ ಇಬ್ಬರಾದರು. ಇಬ್ಬರೂ ನಗುತ್ತಿದ್ದರು.

ಆಗ ನನ್ನದೇ ದನಿ ನನಗೆ ಕೇಳಿಸಿತು, ಸಮುದಾಯ ಭವನದಲ್ಲಿ ಬೆರಳೆತ್ತಿ ಹೇಳುವ ದನಿ: “ಮಾತ್ರೆ ನುಂಗಿ ಉಪವಾಸ ಕೂರಬೇಡಿ! ಬೆವರು, ನಡುಕ, ಎದೆಬಡಿತ, ಕಣ್ಣು ಮಂಜು ಬಂದರೆ ಶುಗರ್ ಇಳಿದಿದೆ ಎಂದು ತಿಳಿಯಿರಿ. ತಕ್ಷಣ ಸಕ್ಕರೆ ತಿನ್ನಿ. ಜೇಬಿನಲ್ಲಿ ಸದಾ ಸಕ್ಕರೆ ಇರಲಿ!” ಜೇಬು ತಡಕಿದೆ. ಬಸ್ ಟಿಕೆಟ್ ಇತ್ತು, ಖಾಲಿ ಮಾತ್ರೆ ಪಟ್ಟಿ ಇತ್ತು. ಸಕ್ಕರೆ ಇರಲಿಲ್ಲ.

ಸವಿತಾ ಎಂದು ಕೂಗಿದೆ. ನಾಲಿಗೆ ದಪ್ಪವಾಗಿತ್ತು. ಬಾಯಿಂದ ಹೊರಟದ್ದು “ಊಂ...” ಎಂಬ ಉದ್ದನೆಯ ನರಳಾಟ.

ಹೊರಗೆ ಪೂರ್ತಿ ನಿಶ್ಶಬ್ದವಾಯಿತು. ಆಮೇಲೆ ಸಿದ್ದೇಗೌಡ, “ಅಣ್ಣ ಬಂದ,” ಎಂದ. “ಯಾರೂ ಸದ್ದು ಮಾಡ್ಬ್ಯಾಡಿ. ಉಣ್ಲಿ.”

ಇನ್ನೊಂದು ಸಲ ನರಳಿದೆ. ಹೊರಗೆ ಹೆಂಗಸರು ಅಳತೊಡಗಿದರು. ಸಹಾಯಕ್ಕಾಗಿ ಕೂಗಿದಷ್ಟೂ ಸಹಾಯ ದೂರವಾಗುವ ಇಂಥ ಪರಿಸ್ಥಿತಿ ಶತ್ರುವಿಗೂ ಬೇಡ!

ಕೋಣೆಯಲ್ಲಿ ಸಕ್ಕರೆ ಇದ್ದದ್ದು ಒಂದೇ ಕಡೆ. ನಾನು ಅಂಬೆಗಾಲಿಕ್ಕಿ ಎಡಗಡೆಯ ಎಲೆಯತ್ತ ಹೊರಟೆ. ಮೈ ಹಿಮದ ಹಾಗೆ ತಣ್ಣಗಾಗಿತ್ತು. ಕೈಗೆ ಸಿಕ್ಕಿದ ಬಟ್ಟೆಯನ್ನು ಹೊದ್ದುಕೊಂಡೆ. ಅದು ಬೋರೇಗೌಡರ ಹೊಸ ಪಂಚೆ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಕಜ್ಜಾಯ ತೆಗೆದು ಬಾಯಿಗೆ ತುರುಕಿದೆ. ಒಂದು, ಎರಡು. ಆಮೇಲೆ ಒಬ್ಬಟ್ಟು. ಲೋಟದಲ್ಲಿ ಬೆಲ್ಲದ ಪಾನಕವಿತ್ತು, ಅದನ್ನೂ. ಫೋಟೊದ ಕಡೆ ನೋಡಲಿಲ್ಲ. ಆತ ಕೇಳಿದ್ದು ಒಂದೇ ಒಂದು ಕಜ್ಜಾಯ. ಬೇಡ ಎಂದಿದ್ದವನು ನಾನು. ಈಗ ಆತನ ಬಟ್ಟೆ ಹೊದ್ದು, ಆತನ ಎಲೆಯ ಮುಂದೆ ಕೂತು, ಆತನ ಪಾಲನ್ನು ತಿನ್ನುತ್ತಿದ್ದವನೂ ನಾನೇ. ಇನ್ನೊಂದು ಒಬ್ಬಟ್ಟು ಬಾಯಿಗಿಟ್ಟೆ.

ಆಗಲೇ ಆ ಸದ್ದು ಕೇಳಿಸಿದ್ದು. ಟಕ್.

ಅಗಿಯುವುದನ್ನು ನಿಲ್ಲಿಸಿದೆ. ದೀಪ ಒಂದು ಸಲ ಬಗ್ಗಿ ಎದ್ದಿತು. ಮತ್ತೆ, ಟಕ್. ಆಮೇಲೆ ನನ್ನ ಬಲಗಡೆಯಲ್ಲಿ, ಬಹಳ ಹತ್ತಿರದಲ್ಲಿ, ಗುಳುಕ್ ಎಂದಿತು. ಮುದ್ದೆ ತಿಂದು ಬೆಳೆದವರಿಗೆ ಆ ಸದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ನನ್ನ ಬಾಯಲ್ಲಿ ಇದ್ದದ್ದು ಒಬ್ಬಟ್ಟು. ನಾನು ಆ ಕಡೆ ತಿರುಗಲಿಲ್ಲ. ಯಾಕೆ ತಿರುಗಲಿಲ್ಲ ಎಂದು ಕೇಳುವವರು ಒಂದು ಅಮಾವಾಸ್ಯೆ ಹೋಗಿ ಅಲ್ಲಿ ಕೂತು ನೋಡಬೇಕು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ. ಮುಂಬಾಗಿಲಾಚೆ ಯಾರೋ ಕೆಮ್ಮಿದರು. ಬಾಗಿಲು ತಟ್ಟಿದರು. ಬಾಗಿಲು ತೆರೆಯಿತು. ಜನರ ಜೊತೆ ಬೆರೆಯುವ ನನ್ನ ಯೋಜನೆಗೆ ಕಾಲುಗಳು ಸಹಕರಿಸಲಿಲ್ಲ.

ದೀಪ ಹಿಡಿದು ಮುಂದೆ ಬಂದದ್ದು ಪುಟ್ಟತಾಯಮ್ಮ. ಹಿಂದೆ ಸಿದ್ದೇಗೌಡ. ಅವರಿಗೆ ಕಂಡದ್ದು, ತಲೆ ಮೇಲಿಂದ ಹೊಸ ಪಂಚೆ ಹೊದ್ದು, ಬೆನ್ನು ತಿರುಗಿಸಿ, ಎಡೆಯ ಮುಂದೆ ಕೂತು ತಿನ್ನುತ್ತಿರುವ ಒಂದು ಆಕೃತಿ.

“ಅಣ್ಣಾ!” ಎಂದು ಚೀರಿದ ಸಿದ್ದೇಗೌಡ ಹಿಂದಕ್ಕೆ ಹಾರಿ ನೀರಿನ ಡ್ರಮ್ಮಿಗೆ ಬಿದ್ದ. ಡ್ರಮ್ಮು ಉರುಳಿತು. ಹೆಂಗಸರು ಕೂಗಿಕೊಂಡು ಬೀದಿಗೆ ಓಡಿದರು. ಬಂಧುಗಳೆಲ್ಲ ಅವರ ಹಿಂದೆ. ಅಷ್ಟು ಪ್ರೀತಿಯಿಂದ ಕರೆದ ಹಿರಿಯರು ನಿಜವಾಗಿ ಬಂದರೆ ನಿಲ್ಲುವವರು ಯಾರೂ ಇಲ್ಲ!

ಒಬ್ಬರು ನಿಂತಿದ್ದರು. ಕುಂಟುತ್ತ ಎರಡು ಹೆಜ್ಜೆ ಹತ್ತಿರ ಬಂದರು.

“ಬಂದ್ರಾ?” ಎಂದರು ಪುಟ್ಟತಾಯಮ್ಮ.

ಬಾಯಿ ತುಂಬ ಒಬ್ಬಟ್ಟು. ಮಾತಾಡಲು ಆಗಲಿಲ್ಲ.

“ಕಜ್ಜಾಯ ಚೆನ್ನಾಗದಾ?”

ದೇವರಾಣೆ, ನನಗೆ ಗೊತ್ತಿಲ್ಲದೆ ತಲೆ ಆಡಿತು. ಚೆನ್ನಾಗಿತ್ತು.

“ನಾನೂ ನಿಮ್ ಜೊತೇಲೇ ಬಂದ್ಬುಡ್ಲಾ?”

ಆ ಮಾತು ಕೇಳಿ ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ, ಉಗುಳಿ, ಪಂಚೆ ಕಿತ್ತೆಸೆದು ತಿರುಗಿದೆ. “ಬೇಡಮ್ಮ! ಬರಬೇಡಿ! ನಾನು ಮೇಷ್ಟ್ರು!”

ಆಕೆ ದೀಪ ಎತ್ತಿ ನನ್ನ ಮುಖ ನೋಡಿದರು. ಹೆದರಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

“ಆಗ್ಲೇ ಗೊತ್ತಾಯ್ತು ಬುಡಿ ಸಾ. ಕಜ್ಜಾಯ ಚೆನ್ನಾಗದೆ ಅಂತ ತಲೆ ಆಡ್ಸುದ್ರಲ್ಲ. ನಮ್ಮೆಜಮಾನ್ರು ಜೀವ್ಮಾನದಾಗೆ ನಾನ್ ಮಾಡಿದ್ದ ಚೆನ್ನಾಗದೆ ಅಂದೋರಲ್ಲ.” ಆಮೇಲೆ ನನ್ನ ಹಣೆ ಮುಟ್ಟಿದರು. “ಅಯ್ಯೋ, ಬೆವ್ರು! ಕೈ ನಡುಗ್ತಾವೆ. ಶುಗರ್ ಇಳ್ದದೆ ಕಣ್ ಸಾ ನಿಮ್ಗೆ. ನೀವೇ ಯೋಳ್ಕೊಟ್ಟಿದ್ದಲ್ವಾ? ಸುಮ್ಕೆ ಕೂತ್ಕಳಿ. ಸವಿತಾ, ಇನ್ನೊಂದು ಲೋಟ ಪಾನ್ಕ ತತ್ತಾ!”

ಸವಿತ ಪಾನಕ ತಂದಳು. ಅವಳ ಹಿಂದೆ ಗಿರಿಜ ಬಂದು ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಇಡೀ ಊರು ಓಡಿದ್ದ ಆ ಹೊತ್ತಿನಲ್ಲಿ ನನಗೆ ನಿಜವಾದ ಭಯವಾದದ್ದು ಅವಳನ್ನು ಕಂಡು.

ಪಾನಕ ಕುಡಿದು ಎಲ್ಲವನ್ನೂ ಹೇಳಿದೆ. ಬೆರಳಿನ ಗುರುತಿನ ಯೋಜನೆ, ಅಗುಳಿ, ಎರಡು ಕಡ್ಡಿ. “ತಪ್ಪಾಯಿತಮ್ಮ. ಕಜ್ಜಾಯ ತಿಂದವನು ನಾನು, ಗೌಡರಲ್ಲ. ಇದನ್ನು ನೋಡಿ ಅವರಿಗೆ ಸಿಟ್ಟಿದೆ ಎಂದುಕೊಳ್ಳಬೇಡಿ. ಈ ಪರೀಕ್ಷೆ ರದ್ದಾಯಿತು. ಕೈಮುಗಿಯುತ್ತೇನೆ, ಆಸ್ಪತ್ರೆಗೆ ಹೋಗಿ,” ಎಂದೆ.

ಆಕೆ ನನ್ನ ಮಾತು ಕೇಳುತ್ತಿರಲಿಲ್ಲ. ದೀಪವನ್ನು ಬಲಗಡೆಯ ಎಲೆಯ ಮೇಲೆ ಹಿಡಿದಿದ್ದರು.

ಎಲೆಯಲ್ಲಿ ಮುದ್ದೆ ಇರಲಿಲ್ಲ. ಸೊಪ್ಪಿನ ಸಾರಿನ ಒಂದು ಹನಿಯೂ ಇರಲಿಲ್ಲ. ಹಾಗಲಕಾಯಿ ಪಲ್ಯ ಬಡಿಸಿದ್ದ ಜಾಗದಲ್ಲಿ ಒಂದು ಸಾಸಿವೆ ಕಾಳು ಉಳಿದಿತ್ತು. ಎಲೆಯ ಪಕ್ಕದಲ್ಲಿ ಊರುಗೋಲು ಮಲಗಿತ್ತು.

“ಇದ್ನೂ ನೀವೇ ತಿಂದ್ರಾ ಸಾ?”

ನನ್ನ ಕೈ ನೋಡಿಕೊಂಡೆ. ಬೆಲ್ಲದ ಜಿಗುಟು ಇತ್ತು. ಮೂಸಿ ನೋಡಿಕೊಂಡೆ. ಶುಗರ್ ಇಳಿದಾಗ ಮನುಷ್ಯ ಏನು ಮಾಡುತ್ತಾನೆಂದು ಅವನಿಗೇ ನೆನಪಿರುವುದಿಲ್ಲ, ಇದನ್ನೂ ನಾನೇ ಪಾಠ ಮಾಡಿದ್ದೇನೆ. ತಿಂದಿರಬಹುದು. ಕೋಲನ್ನು ನಾನೇ ಬೀಳಿಸಿರಬಹುದು. ಗುಳುಕ್ ಎಂದದ್ದು ನನ್ನದೇ ಗಂಟಲಿರಬಹುದು. ಇಷ್ಟೂ ವೈಜ್ಞಾನಿಕ ವಿವರಣೆ ನಾಲಿಗೆ ತುದಿಗೆ ಬಂತು. ಆದರೆ ಬಾಯಲ್ಲಿ ಎಲ್ಲಿಯೂ ಒಂದಿಷ್ಟೂ ಕಹಿ ಇರಲಿಲ್ಲ.

“ಗೊತ್ತಿಲ್ಲಮ್ಮ,” ಎಂದೆ. ನನ್ನ ಮೇಷ್ಟ್ರಗಿರಿಯಲ್ಲಿ ಆ ಮಾತನ್ನು ಅದೇ ಮೊದಲ ಸಲ ಆಡಿದ್ದು.

ಬಾಗಿಲಲ್ಲಿದ್ದ ಗಿರಿಜ ಹೇಳಿದಳು: “ಇವರು ಹಾಗಲಕಾಯಿ ತಿಂದರು ಅಂದ್ರೆ ನಾನು ನಂಬಲ್ಲ ಪುಟ್ಟತಾಯಮ್ಮ. ಗೌಡರು ಬಂದು ತಿಂದರು ಅಂತ ನಂಬೋದೇ ಸುಲಭ.”

ಪುಟ್ಟತಾಯಮ್ಮ ನೆಲದಲ್ಲಿ ಕೂತು ಊರುಗೋಲನ್ನು ಮಡಿಲಲ್ಲಿ ಇಟ್ಟುಕೊಂಡರು. ಬಹಳ ಹೊತ್ತು ಅತ್ತರು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, “ಸತ್ಮ್ಯಾಕೆ ತಿಂತೀನಿ ಅಂದಿದ್ರು. ತಿಂದವ್ರೆ,” ಎಂದರು. ಆ ಮಾತು ಅಲ್ಲಿಯವರೆಗೆ ನನಗೆ ನೆನಪಾಗಿರಲೇ ಇಲ್ಲ.

ಮಾರನೆಯ ದಿನ ಅದೇ ಕೋಲು ಊರಿಕೊಂಡು ಆಕೆ ಮೈಸೂರಿಗೆ ಹೊರಟರು. ನಂಜನಗೂಡಿನಲ್ಲಿ ನಾನೂ ಬಸ್ಸು ಹತ್ತಿದೆ. ಊರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತ, “ಒಂದ್ ತುಂಡು ಕೊಡ್ಬೋದಿತ್ತು, ಅಲ್ವಾ ಸಾ?” ಎಂದು ಕೇಳಿದರು.

“ಕೊಡಬಹುದಿತ್ತಮ್ಮ,” ಎಂದೆ. “ಒಂದು ತುಂಡಿನಿಂದ ಏನೂ ಆಗುತ್ತಿರಲಿಲ್ಲ. ನಾನು ಹೆದರಿಸಿದ್ದು ಹೆಚ್ಚಾಯಿತು.” ಅದನ್ನು ಹೇಳುವಾಗ ನನಗೂ ಅಳು ಬಂತು. ಕಂಡಕ್ಟರು ಟಿಕೆಟ್ ಕೇಳಲು ಬಂದವನು ಸ್ವಲ್ಪ ಹೊತ್ತು ಬಿಟ್ಟು ಬಂದ.

ಆ ಹೆಬ್ಬೆರಳನ್ನು ತೆಗೆದರು. ಕಾಲು ಉಳಿಯಿತು.

ಗುರುವಾರದ ತರಗತಿ ಈಗಲೂ ನಡೆಯುತ್ತದೆ. ಮೊದಲಿಗಿಂತ ಹೆಚ್ಚು ಜನ ಬರುತ್ತಾರೆ. ಆದರೆ ಬರುವುದು ಪಾಠಕ್ಕಲ್ಲ. ಆಶಾ ಕಾರ್ಯಕರ್ತೆ ಪೆಟ್ಟಿಗೆ ತೆರೆದ ಕೂಡಲೇ ಮುಂದಿನ ಸಾಲಿನಿಂದ ಪುಟ್ಟತಾಯಮ್ಮ, “ಮೊದ್ಲು ಮೇಷ್ಟ್ರ ಬೆಳ್ಳು ಚುಚ್ಚವ್ವ,” ಎನ್ನುತ್ತಾರೆ. ಎಷ್ಟು ಬಂತು ಎಂಬುದು ನನ್ನ ಖಾಸಗಿ ವಿಷಯ. ಸಿದ್ದೇಗೌಡ ಅದನ್ನು ಗಟ್ಟಿಯಾಗಿ ಓದುತ್ತಾನೆ! ಸ್ಮಶಾನದ ಹೆಜ್ಜೆಯ ವಾಕ್ಯವನ್ನು ಕೈಬಿಟ್ಟಿದ್ದೇನೆ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರುತ್ತದೆ, ಇರುವೆಯೂ ಇರುತ್ತದೆ. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಒಬ್ಬರೇ ವಿದ್ಯಾರ್ಥಿ ಬೋರೇಗೌಡರು, ಅದೂ ಸತ್ತ ಮೇಲೆ ಎಂಬುದು ನನ್ನ ಸಮಾಜಸೇವೆಯ ಒಟ್ಟು ಸಾಧನೆ.

ಗಿರಿಜ ಮಾತ್ರ ಇನ್ನೂ ಬಿಟ್ಟಿಲ್ಲ. ವಾರಕ್ಕೊಮ್ಮೆ ಹಾಗಲಕಾಯಿ ಪಲ್ಯ ಮಾಡಿ, ನನ್ನ ಮುಂದೆ ಎಲೆ ಹಾಕಿ ಬಡಿಸಿ, ದೀಪ ಆರಿಸಿ, ಬಾಗಿಲು ಹಾಕಿಕೊಂಡು ಹೊರಗೆ ಹೋಗುತ್ತಾಳೆ. “ಆವತ್ತು ಹೇಗೆ ಖಾಲಿಯಾಯ್ತೋ ನೋಡೇಬಿಡೋಣ ಕಣ್ರೀ,” ಎನ್ನುತ್ತಾಳೆ.

ನಾನು ಕತ್ತಲಲ್ಲಿ ಪಲ್ಯದ ಮುಂದೆ ಕೂತು ಕಿವಿಗೊಟ್ಟು ಕೇಳುತ್ತೇನೆ. ಒಂದು ಟಕ್ ಎಂಬ ಸದ್ದು ಬಂದರೆ ಸಾಕು ಎಂದು ಕಾಯುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಗಿರಿಜ ಕೆಮ್ಮುತ್ತಾಳೆ, ಬಾಗಿಲು ತಟ್ಟುತ್ತಾಳೆ, ದೀಪ ಹಾಕುತ್ತಾಳೆ. ಪಲ್ಯ ಹಾಗೇ ಇರುತ್ತದೆ. ನಾನೂ ಹಾಗೇ ಇರುತ್ತೇನೆ.